ಬೀಗತಿಯ ಗಿಡ

ಹೈದರಾಬಾದಿನ ಸನತ್‌ನಗರದ ಆ ಗಲ್ಲಿಯಲ್ಲಿ ಸಾಬಮ್ಮನ ಅಂಗಳಕ್ಕೆ ದೊಡ್ಡ ಹೆಸರು. ಕಾರ್ಖಾನೆಯ ಕೆಲಸಗಾರರಿಗೆಂದು ಎಂದೋ ಕಟ್ಟಿದ ಮನೆಗಳ ಸಾಲು ಅದು. ಉಳಿದವರೆಲ್ಲ ಮನೆಯ ಮುಂದಿನ ಜಾಗಕ್ಕೆ ಸಿಮೆಂಟು ಬಳಿದು ಗಾಡಿ ನಿಲ್ಲಿಸಿಕೊಂಡಿದ್ದರೆ, ಸಾಬಮ್ಮ ಮಾತ್ರ ಮಣ್ಣಿನ ಅಂಗಳವನ್ನು ಗಂಡನ ಜೊತೆ, ಮಗನ ಜೊತೆ ಜಗಳವಾಡಿ ಉಳಿಸಿಕೊಂಡಿದ್ದಳು. ಬೀದರ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ದಿನದಿಂದ ಅವಳದು ಒಂದೇ ನೇಮ. ಬೆಳಕು ಹರಿಯುತ್ತಲೇ ಎದ್ದು ಕಸ ಹೊಡೆಯಬೇಕು, ಎಮ್ಮೆಗಳ ತಬೇಲಾದಿಂದ ತಂದ ಸೆಗಣಿ ಕಲಸಿದ ನೀರು ಚಿಮುಕಿಸಿ ಥಳಿ ಹೊಡೆಯಬೇಕು, ರಂಗೋಲಿ ಎಳೆಯಬೇಕು. ಅದಾದ ಮೇಲೆಯೇ ಬಾಯಿಗೆ ಚಹಾ. ಜ್ವರ ಬಂದರೂ ಅಷ್ಟೇ, ಊರೆಲ್ಲ ಬಂದ್ ಆದರೂ ಅಷ್ಟೇ. "ಈಕಿ ನನ್ನ ಮದಿವಿ ಆಗಿಲ್ಲ, ಈ ಅಂಗಳದ ಮದಿವಿ ಆಗ್ಯಾಳ" ಎಂದು ಗಂಡ ಮಾಣಿಕಪ್ಪ ಬಂದವರೆದುರು ಚೇಷ್ಟೆ ಮಾಡುತ್ತಿದ್ದ.

ಅಂಗಳದ ಮೂಲೆಯಲ್ಲಿ ಒಂದು ಬೇವಿನ ಮರ. ಅದಕ್ಕೂ ಸಾಬಮ್ಮನಿಗೂ ಹಳೆಯ ಜಿದ್ದು. ಅದು ಉದುರಿಸುವುದು, ಇವಳು ಗುಡಿಸುವುದು. ಮಾಘ ಕಳೆದು ಎಲೆ ಕಳಚುವ ಕಾಲ ಬಂತೆಂದರೆ, "ಉದುರ್ಸು, ಇನ್ನಾ ಉದುರ್ಸು, ನನ್ನ ಕೈಯೇನು ಸವದಿಲ್ಲ" ಎಂದು ಮರದೊಂದಿಗೆ ಮಾತಿಗೇ ನಿಂತುಬಿಡುತ್ತಿದ್ದಳು.

ಇದು ಬರಿಯ ಅಚ್ಚುಕಟ್ಟುತನವಾಗಿರಲಿಲ್ಲ. ಸಾಬಮ್ಮ ಹುಟ್ಟಿ ಬೆಳೆದ ಕಡೆ, ಕಸ ಹೊಡೆಯದ ಅಂಗಳವೆಂದರೆ ಸಾವಿನ ಮನೆಯ ಅಂಗಳ. ಮನೆಯಲ್ಲಿ ಜೀವ ಹೋದರೆ ಅಲ್ಲಿ ಕಸಬರಿಗೆ ಆಡುವುದಿಲ್ಲ, ಥಳಿ ಬೀಳುವುದಿಲ್ಲ, ರಂಗೋಲಿ ಕಾಣುವುದಿಲ್ಲ. ದಾರಿಯಲ್ಲಿ ಹೋಗುವವರು ಯಾರನ್ನೂ ಕೇಳದೆ ತಿಳಿದುಕೊಂಡು, ಮಾತು ತಗ್ಗಿಸಿ ದಾಟುತ್ತಾರೆ. ದುಃಖದ ದಿನಗಳು ತೀರಿ ಮನೆಯ ಹೆಣ್ಣುಮಗಳು ಮತ್ತೆ ಕಸಬರಿಗೆ ಹಿಡಿದ ದಿನ ಮನೆ ಮತ್ತೆ ಬದುಕಿದವರದಾಗುತ್ತದೆ. ಹಾಗಾಗಿ ತನ್ನ ಅಂಗಳದಲ್ಲಿ ಒಂದು ಹೊತ್ತು ಎಲೆ ಬಿದ್ದಿದ್ದರೂ ಸಾಬಮ್ಮನಿಗೆ ಎದೆ ಢವಗುಟ್ಟುತ್ತಿತ್ತು.

ಇಂಥ ಮನೆಗೆ ಸೊಸೆಯಾಗಿ ಬಂದವಳು ಪೂರ್ವಿ. ಊಟಿಯಲ್ಲಿ ನೆಲೆನಿಂತ ಮೈಸೂರು ಕಡೆಯವರ ಮಗಳು. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅವಳ ಕೆಲಸ. ಅಲ್ಲೇ ಪ್ಯಾಕಿಂಗ್ ನೋಡಿಕೊಳ್ಳುವ ಸಾಬಮ್ಮನ ಮಗ ಆನಂದಕುಮಾರ ಅವಳನ್ನು ಮೆಚ್ಚಿ ಮದುವೆಯಾದ. ನಮ್ಮ ಸೀಮೆಯವಳಲ್ಲ, ರೊಟ್ಟಿ ಬಡಿಯಲು ಬಾರದು ಎಂದು ಸಾಬಮ್ಮ ಕೆಲವು ದಿನ ಮುಖ ಊದಿಸಿಕೊಂಡಿದ್ದಳು. ಆದರೆ ಪೂರ್ವಿ ಬಂದ ತಿಂಗಳಲ್ಲೇ ಹಿಟ್ಟಿನ ಮುಂದೆ ಕೂತು, ಭಾರತದ ನಕಾಶೆಯಂಥ ರೊಟ್ಟಿ ಬಡಿದು, ತಾನೇ ಬಿದ್ದುಬಿದ್ದು ನಕ್ಕದ್ದನ್ನು ನೋಡಿದ ಮೇಲೆ ಆ ಮುಖ ತಾನಾಗಿ ಇಳಿಯಿತು.

ಬೀಗತಿ, ಅಂದರೆ ಪೂರ್ವಿಯ ತಾಯಿ, ಈ ಮನೆಗೆ ಬಂದದ್ದು ಒಂದೇ ಸಲ, ಮದುವೆಗೆ. ಮೇ ತಿಂಗಳ ಬಿಸಿಲಿಗೆ ಬಸವಳಿದು ಬೇವಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮರವನ್ನು ಮೇಲಿಂದ ಕೆಳತನಕ ನೋಡಿ, "ಇಷ್ಟು ಒಳ್ಳೇ ನೆರಳಿದೆ, ಕೆಳಗೆ ಏನೂ ನೆಟ್ಟಿಲ್ವಲ್ಲ" ಎಂದಿದ್ದರು. "ನಮ್ಮಲ್ಲಿ ಅಂಗಳ ಸ್ವಚ್ಛ ಇಡ್ತೀವ್ರಿ" ಎಂದು ಸಾಬಮ್ಮ ಸೆರಗು ಸರಿಪಡಿಸಿಕೊಂಡು ಉತ್ತರ ಕೊಟ್ಟಿದ್ದಳು. ಇಬ್ಬರ ನಡುವೆ ನಡೆದ ಮಾತು ಹೆಚ್ಚುಕಡಿಮೆ ಅಷ್ಟೇ.

ಆ ಬೀಗತಿ ಕಳೆದ ದಸರೆ ಹತ್ತಿರವಾದಾಗ, ಅಡುಗೆಮನೆಯಲ್ಲಿ ನಿಂತಲ್ಲೇ ಕುಸಿದು ತೀರಿಕೊಂಡರು. ಆನಂದಕುಮಾರ, ಪೂರ್ವಿ ಇಬ್ಬರೂ ಊಟಿಗೆ ಓಡಿದರು. ಇಲ್ಲಿ ಸಾಬಮ್ಮನಿಗೆ ಬೇರೆ ಚಿಂತೆ. ನವರಾತ್ರಿಗೆ ದೇವಿಯ ಘಟ ಕೂಡಿಸಬೇಕು, ಮನೆಯ ಸೊಸೆ ಇಲ್ಲದೆ ಹೇಗೆ? ಮದುವೆಯಾಗಿ ಹೋದ ಮಗಳಿಗೆ ತವರಿನ ಸೂತಕ ಮೂರೇ ದಿನ ಎನ್ನುವುದು ಅವಳು ಕೇಳಿಕೊಂಡು ಬಂದ ರೂಢಿ. "ಮೂರು ದಿನ ಆತಲ್ಲೋ, ಕರ್ಕೊಂಡು ಬಾ" ಎಂದು ಮಗನಿಗೆ ಫೋನು ಮಾಡಿದಳು. ಪೂರ್ವಿ ಬಂದಳು. ಮರುದಿನ ಬೆಳಿಗ್ಗೆ ಸಾಬಮ್ಮ ಅವಳ ಕೈಗೆ ರಂಗೋಲಿ ಬಟ್ಟಲು ಕೊಟ್ಟಳು. ಹುಡುಗಿ ತುಟಿ ಬಿಚ್ಚದೆ ಕೂತು, ಚುಕ್ಕಿ ಇಟ್ಟು ಎಳೆ ಎಳೆದಳು. ಎಳೆ ಒಂದೂ ತಪ್ಪಲಿಲ್ಲ. ದುಃಖ ನುಂಗಿಕೊಂಡಳು, ಗಟ್ಟಿ ಹುಡುಗಿ ಎಂದು ಸಾಬಮ್ಮ ಅವತ್ತು ಮೆಚ್ಚಿಕೊಂಡಿದ್ದಳು.

ಆದರೆ ಆಮೇಲೆ ಪೂರ್ವಿ ನಗುವುದನ್ನು ಬಿಟ್ಟಳು. ಅಳಲೂ ಇಲ್ಲ. ಕಂಪನಿಯ ಬಸ್ಸು ಹತ್ತಿ ಹೋಗುತ್ತಾಳೆ, ಬರುತ್ತಾಳೆ, ಉಣ್ಣುತ್ತಾಳೆ, ಕೇಳಿದರೆ ಹ್ಞೂಂ ಅನ್ನುತ್ತಾಳೆ. ಮನೆಯಲ್ಲಿ ಒಬ್ಬರು ಕಡಿಮೆಯಾದಂತೆ ಆಗಿಬಿಟ್ಟಿತು.

ಡಿಸೆಂಬರಿನಲ್ಲಿ ಪೂರ್ವಿಯ ಅಣ್ಣ ಊಟಿಯ ಬಾಡಿಗೆ ಮನೆ ಖಾಲಿ ಮಾಡಿದ. ಪೂರ್ವಿ ಹೋಗಿ ಬಂದಳು. ಬರುವಾಗ ತಾಯಿಯ ಸೀರೆ ತರಲಿಲ್ಲ, ಪಾತ್ರೆ ತರಲಿಲ್ಲ. ಬೇರುಮಣ್ಣಿನ ಸಮೇತ ಒದ್ದೆ ಗೋಣಿಯಲ್ಲಿ ಸುತ್ತಿದ ಐದು ಗಿಡಗಳನ್ನು ಮಗು ಎತ್ತಿಕೊಂಡಂತೆ ಎದೆಗವಚಿಕೊಂಡು ಆಟೋದಿಂದ ಇಳಿದಳು.

"ಏನವ್ವ ಇದು, ಎಲಿಕೋಸ ಏನು?" ಎಂದಳು ಸಾಬಮ್ಮ.

"ಪ್ರಿಮ್‌ರೋಸ್ ಅತ್ತೆ, ಹೂವಿನ ಗಿಡ. ಅಮ್ಮ ಹಿತ್ತಲಲ್ಲಿ ಬೆಳೆಸಿದ್ದು. ಆ ಮನೆ ಕೆಡವ್ತಾರಂತೆ. ಬಿಟ್ಟು ಬಂದಿದ್ರೆ ಮಣ್ಣುಪಾಲಾಗೋದು." ಎರಡು ತಿಂಗಳಲ್ಲಿ ಅವಳು ಒಟ್ಟಿಗೆ ಆಡಿದ ಅತಿ ಉದ್ದನೆಯ ಮಾತು ಅದು.

ಕುಂಡದಲ್ಲಿಡು ಎಂದ ಆನಂದಕುಮಾರ. ಕುಂಡ ಕಾದುಬಿಡುತ್ತದೆ, ಇದು ಕಾಡಿನ ನೆರಳಿನ ಗಿಡ, ನೆಲದಲ್ಲೇ ಇರಬೇಕು, ಮರದ ಕೆಳಗೇ ಇರಬೇಕು ಎಂದಳು ಪೂರ್ವಿ. ಎಲ್ಲರೂ ಸಾಬಮ್ಮನ ಮುಖ ನೋಡಿದರು. ಇಷ್ಟು ವರ್ಷದಲ್ಲಿ ಆ ಅಂಗಳಕ್ಕೆ ಗುದ್ದಲಿ ಬಿದ್ದಿರಲಿಲ್ಲ. ಸೊಸೆಯ ಕಣ್ಣಲ್ಲಿ ಏನೋ ಒಂದು ಜೀವ ಆಡುವುದನ್ನು ನೋಡಿ ಸಾಬಮ್ಮ ತಾನೇ ಹೋಗಿ ಗುದ್ದಲಿ ತಂದಳು.

ಅತ್ತೆ ಅಗೆದಳು, ಸೊಸೆ ನೆಟ್ಟಳು. ಬೇರುಮಣ್ಣಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಹೃದಯದ ಆಕಾರದ ಪುಟ್ಟ ಎಲೆಗಳನ್ನು ಪೂರ್ವಿ ಕಿತ್ತು ಕಿತ್ತು ಆಚೆ ಎಸೆದಳು. "ಇದು ವಯೊಲೆಟ್ ಅತ್ತೆ. ಪ್ರಿಮ್‌ರೋಸ್ ಮಧ್ಯ ಕಳೆ ಥರ ನುಗ್ಗುತ್ತೆ. ಎಷ್ಟು ಕಿತ್ರೂ ಬರುತ್ತೆ. ಅಮ್ಮ ಇದರ ಜೊತೆ ದಿನಾ ಜಗಳ ಆಡೋರು. 'ಕರೀದೆ ಬಂದೆಯಾ ಮತ್ತೆ? ಬಾ, ಕೂರು, ಕಾಫಿ ಕೊಡ್ತೀನಿ' ಅಂದು, ಕಿತ್ತು ಬೇಲಿ ಆಚೆ ಎಸೀತಿದ್ರು."

ಸಾಬಮ್ಮ ಒಮ್ಮೆ ಬೇವಿನ ಮರದ ಕಡೆ ನೋಡಿದಳು. ಗಿಡದ ಜೊತೆ ಜಗಳವಾಡುವ ಹೆಂಗಸು ತಾನೊಬ್ಬಳೇ ಅಲ್ಲ ಎಂದು ತಿಳಿದು ಅವಳಿಗೆ ಒಳಗೊಳಗೇ ಖುಷಿಯಾಯಿತು. ಆ ಬೀಗತಿಯೊಂದಿಗೆ ಇನ್ನೂ ನಾಲ್ಕು ಮಾತಾಡಬೇಕಿತ್ತು ಅನ್ನಿಸಿತು.

ನೆಟ್ಟಾದ ಮೇಲೆ ಪೂರ್ವಿ ಕೈ ತೊಳೆದುಕೊಂಡು ಬಂದು, ಹಿಂಜರಿಯುತ್ತ ಹೇಳಿದಳು: "ಅತ್ತೆ, ಒಂದೇ ಒಂದು. ಇಲ್ಲಿ ಮಾತ್ರ ಗುಡಿಸಬೇಡಿ. ಎಲೆ ಬಿದ್ದಿದ್ದು ಬಿದ್ದ ಹಾಗೇ ಇರಲಿ. ಅದೇ ಇದಕ್ಕೆ ಹೊದಿಕೆ, ಅದೇ ಗೊಬ್ಬರ. ಬೇಸಿಗೆ ದಾಟಿದ್ರೆ ಸಾಕು, ಗಿಡ ಇಲ್ಲಿಯದೇ ಆಗುತ್ತೆ."

ಗುಡಿಸಬೇಡ ಎಂದರೆ ಸಾಬಮ್ಮನಿಗೆ ಉಸಿರಾಡಬೇಡ ಎಂದಂತೆ. ಆದರೂ ಒಪ್ಪಿದಳು. ಈ ಹುಡುಗಿ ಮತ್ತೆ ಮಾತಾಡುತ್ತಿದ್ದಾಳೆ, ಅದು ಈ ಗಿಡದಿಂದ. ಗಿಡ ಉಳಿದರೆ ಹುಡುಗಿ ಉಳಿಯುತ್ತಾಳೆ. ಸಾಬಮ್ಮ ಅದನ್ನು ಯಾರಿಗೂ ಹೇಳಲಿಲ್ಲ, ಆದರೆ ಅಂದಿನಿಂದ ಅವಳ ಜೀವವೂ ಆ ಐದು ಗಿಡಗಳಲ್ಲೇ ಇತ್ತು. ಅದಕ್ಕೊಂದು ಹೆಸರನ್ನೂ ಇಟ್ಟಳು: ಬೀಗತಿ ಗಿಡ. "ಬೀಗತಿ ಗಿಡಕ್ಕ ನೀರಾತೇನು?" "ಬೀಗತಿ ಗಿಡಕ್ಕ ನಾಯಿ ಹೋದೀತು, ಗೇಟು ಹಾಕ್ರಿ." ಮಾಣಿಕಪ್ಪನಿಗಂತೂ ಸಾಕುಸಾಕಾಯಿತು.

ಸಂಕ್ರಾಂತಿಯ ಚಳಿಯಲ್ಲಿ ಗಿಡ ಹೂ ಬಿಟ್ಟಿತು. ಸುಕ್ಕುಸುಕ್ಕಾದ ಎಲೆಗಳ ನಡುವಿನಿಂದ ತೆಳು ಹಳದಿ ಹೂಗಳು, ಒಳಗೆ ದಟ್ಟ ಹಳದಿಯ ಬೊಟ್ಟು. ಸಾಬಮ್ಮ ಗಲ್ಲಿಯವರನ್ನೆಲ್ಲ ಕರೆದು ತೋರಿಸಿದಳು. ಎದುರು ಮನೆಯ ಗುರುದೇವಿ ಹೂವನ್ನು ಮೆಚ್ಚಿ, ಕೂಡಲೇ ಮೂಗು ಮುರಿದಳು. "ಹೂ ಏನೋ ಚಂದ ಐತಿ ಸಾಬಮ್ಮ. ಆದ್ರ ಸುತ್ತ ಇಷ್ಟು ಕಸಾ ಯಾಕ ಬಿಟ್ಟೀರಿ? ನಿಮ್ಮ ಅಂಗಳದಾಗ ಇದನ್ನ ನೋಡೋ ಕಾಲ ಬಂತಲ್ಲ!"

"ಅದು ಕಸಾ ಅಲ್ರಿ, ಹೊದಿಕಿ" ಎಂದು ಸಾಬಮ್ಮ ಸೊಸೆಯ ಮಾತನ್ನೇ ಹೇಳಿದಳು. ಬಾಯಲ್ಲಿ ಹೇಳಿದಳೇ ಹೊರತು ಮನಸ್ಸು ಒಪ್ಪಿರಲಿಲ್ಲ. ಪ್ರತಿ ಬೆಳಿಗ್ಗೆ ಬೇವಿನ ನೆರಳಿನ ಅಂಚಿಗೆ ಬಂದು ಕಸಬರಿಗೆ ನಿಂತಾಗ, ಅವಳ ಅಂಗೈ ತುರಿಸುತ್ತಿತ್ತು.

ಮಾಘ ಮುಗಿದು ಹೈದರಾಬಾದಿನ ಬಿಸಿಲು ತನ್ನ ವರಸೆ ತೋರಿಸತೊಡಗಿತು. ಹೂ ನಿಂತಿತು. ಹೊರಗಿನ ಎಲೆಗಳು ಹಳದಿಯಾಗಿ ನೆಲಕ್ಕೊರಗಿದವು. ಬೇವು ತನ್ನ ಎಲೆಯನ್ನೆಲ್ಲ ಒಟ್ಟಿಗೆ ಸುರಿದು ಗಿಡಗಳನ್ನು ಮುಚ್ಚಿಹಾಕಿತು. ಹೀಗೇ ಆಗುತ್ತದೆ, ಗಿಡ ಒಳಗೆ ಕುಗ್ಗಿ ಬೇಸಿಗೆಯನ್ನು ದಾಟುತ್ತದೆ ಎಂದು ಪೂರ್ವಿ ಹೇಳಿದ್ದಳು. ಆದರೂ ದಿನಾ ಕೆಲಸದಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಅಲ್ಲಿ ಕೂತು, ಎಲೆ ಸರಿಸಿ, ನಡುವಿನ ಹಸಿರು ಚಿಗುರನ್ನು ಬೆರಳಿಂದ ಮುಟ್ಟಿ ನೋಡಿ ಮುಚ್ಚುತ್ತಿದ್ದಳು.

ಯುಗಾದಿಯ ಹಿಂದಿನ ದಿನ ಪೂರ್ವಿ, ಆನಂದಕುಮಾರ ಇಬ್ಬರಿಗೂ ಕೆಲಸ. ಸಾಬಮ್ಮ ಬೆಳಿಗ್ಗೆಯಿಂದ ಮನೆ ಬಳಿದಳು, ಪಾತ್ರೆ ಬೆಳಗಿದಳು, ಕೊನೆಗೆ ಅಂಗಳಕ್ಕೆ ಬಂದಳು. ಬೇವಿನ ಕೆಳಗೆ ಒಣಗಿದ ಎಲೆಯ ರಾಶಿ. ನಾಳೆ ವರ್ಷದ ಮೊದಲ ಹಬ್ಬ. ಎಲ್ಲ ದೇವರಿಗೂ ಜಳಕ, ಎಲ್ಲ ಬಾಗಿಲಿಗೂ ತೋರಣ. ಬೀಗತಿಯೊಬ್ಬಳು ಮಾತ್ರ ಕಸದ ಕೆಳಗೆ, ದಿಕ್ಕಿಲ್ಲದವಳ ಹಾಗೆ! ಸೊಸೆಯ ತಾಯಿಯನ್ನು ನಾನು ಹೀಗೆ ಇಡುವುದೇ ಎಂದುಕೊಂಡಳು. ಗುಡಿಸಬೇಡಿ ಎಂದ ಮಾತು ನೆನಪಾಗದೆ ಇರಲಿಲ್ಲ. ಹಬ್ಬ ಮುಗಿದ ಮೇಲೆ ಎಲೆ ಮತ್ತೆ ಬೀಳುತ್ತದೆ, ಒಂದು ದಿನಕ್ಕೆ ಏನಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕೈಯಿಂದ ಮೆಲ್ಲಗೆ ಎಲೆ ಬಳಿದಳು. ಕಸಬರಿಗೆ ತಾಗಿಸಿದರೆ ಗಿಡಕ್ಕೆ ನೋವಾದೀತೆಂದು ಅದನ್ನು ದೂರ ಇಟ್ಟಿದ್ದಳು. ಗಲ್ಲಿಗೆ ಬಂದ ಕಸದ ಆಟೋಕ್ಕೆ ಎಲೆಯೆಲ್ಲ ಸುರಿದಳು. ಆಮೇಲೆ ತುಳಸಿಗೆ ಮಾಡುವ ಹಾಗೆ ಗಿಡಗಳ ಸುತ್ತ ಮಣ್ಣಿನ ಪುಟ್ಟ ಕಟ್ಟೆ ಕಟ್ಟಿ, ತಬೇಲಾದ ಎಮ್ಮೆ ಸೆಗಣಿಯಲ್ಲಿ ಕೆಮ್ಮಣ್ಣು ಕಲಸಿ, ಗಿಡದ ಬುಡದವರೆಗೂ ಅಂಗೈಯಲ್ಲಿ ನುಣುಪಾಗಿ ಸಾರಿಸಿದಳು. ಅಂಚಿಗೆ ರಂಗೋಲಿ ಎಳೆದಳು. ಅರಿಶಿನ ಕುಂಕುಮ ಏರಿಸಿದಳು. "ಈಗ ನೋಡ್ರಿ ಬೀಗತಿ, ಹಬ್ಬಕ್ಕ ಬಂದಂಗಾತು" ಎಂದು ಕೈ ಮುಗಿದಳು. ಸೊಸೆ ನೋಡಿ ಎಷ್ಟು ಖುಷಿಪಡುತ್ತಾಳೋ ಎಂದು ಸಂಜೆಯವರೆಗೆ ಎರಡು ಸಲ ಗೇಟಿಗೆ ಹೋಗಿ ಬಂದಳು.

ಎಲೆ ಕಳಚಿದ ಬೇವು ಇನ್ನೂ ತುಂಬ ಚಿಗುರಿರಲಿಲ್ಲ. ಮಧ್ಯಾಹ್ನದ ಬಿಸಿಲು ಕೊಂಬೆಗಳ ನಡುವಿನಿಂದ ನೇರ ಕಟ್ಟೆಯ ಮೇಲೆ ಬಿದ್ದು, ಸಾರಿಸಿದ ಸೆಗಣಿ ಒಣಗಿ ರೊಟ್ಟಿ ಹಂಚಿನಷ್ಟು ಗಟ್ಟಿಯಾಯಿತು.

ಸಂಜೆ ಪೂರ್ವಿ ಬಂದಳು. ಗೇಟು ತೆರೆದವಳು ಅಲ್ಲೇ ನಿಂತಳು. ಕೈಚೀಲ ಜಾರಿ ಬಿತ್ತು. ಓಡಿಹೋಗಿ ಮಂಡಿಯೂರಿ ಒಂದು ಗಿಡದ ಮೇಲೆ ತಂಬಿಗೆ ನೀರು ಹೊಯ್ದಳು. ನೀರು ಒಳಗೆ ಇಳಿಯದೆ ರಂಗೋಲಿ ಕದಡಿಕೊಂಡು ಆಚೆ ಹರಿಯಿತು. ಉಗುರಿನಿಂದ ಸೆಗಣಿಯ ಹಕ್ಕಳೆ ಎಬ್ಬಿಸಿದಳು. ಮೇಲುಮೇಲಕ್ಕೇ ಹರಡಿದ್ದ ಎಳೆ ಬೇರುಗಳು ಅದಕ್ಕೆ ಅಂಟಿಕೊಂಡಿದ್ದವು. ಹಕ್ಕಳೆಯ ಜೊತೆ ಗಿಡವೇ ಕಿತ್ತು ಕೈಗೆ ಬಂತು.

ಸಾಬಮ್ಮ ಬಾಗಿಲಲ್ಲಿ ನಿಂತಿದ್ದಳು. ಏನೋ ಕೆಟ್ಟದ್ದಾಗಿದೆ ಎಂದು ಅವಳಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. "ಹಬ್ಬ ಅಂತ್ಹೇಳಿ ಮಾಡಿದೆನವ್ವ" ಎಂದಳು.

ಪೂರ್ವಿ ತಿರುಗಿ ನೋಡಿದಳು. ಕೂಗಲಿಲ್ಲ. "ಅಮ್ಮ ಹೋದ ನಾಲ್ಕನೇ ದಿನಾನೂ ಹಬ್ಬ ಅಂತಲೇ ನನ್ನ ಕೈಲಿ ರಂಗೋಲಿ ಹಾಕಿಸಿದ್ರಿ ಅತ್ತೆ" ಎಂದಳು. "ನಂಗೆ ಅಮ್ಮಂಗೋಸ್ಕರ ಅಳೋಕೆ ಈ ಮನೇಲಿ ಅಷ್ಟು ಜಾಗ ಮಾತ್ರ ಇತ್ತು. ಅದನ್ನೂ ಗುಡಿಸಿಬಿಟ್ರಿ."

ಅಷ್ಟು ಹೇಳಿ ಒಳಗೆ ಹೋದಳು. ಸಾಬಮ್ಮ ಹೊಸ್ತಿಲ ಮೇಲೆಯೇ ಕೂತಳು. ಯಾರಾದರೂ ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ತನ್ನ ತಾಯಿ ಸತ್ತಾಗ ತಾನೂ ಹೀಗೇ ಮೂರು ದಿನಕ್ಕೆ ಎದ್ದು ಬಂದು, ಇದೇ ಅಂಗಳದಲ್ಲಿ ಕಸಬರಿಗೆ ಹಿಡಿದಿದ್ದು ಅವಳಿಗೆ ನೆನಪಾಯಿತು. ಆಗ ಅವಳ ಅತ್ತೆ ಇದ್ದ ಕಾಲ. ಗುಡಿಸುತ್ತ ಗುಡಿಸುತ್ತ ಕಣ್ಣೀರು ಬಿದ್ದಲ್ಲಿ ಮಣ್ಣು ಎಳೆದು ಮುಚ್ಚಿದ್ದಳು. ಅದನ್ನು ಮರೆತೇಬಿಟ್ಟಿದ್ದಳು.

ಮರುದಿನ ಯುಗಾದಿ. ಬೆಳಕು ಹರಿಯುತ್ತಲೇ ಸಾಬಮ್ಮ ಎದ್ದಳು. ರೂಢಿಯಂತೆ ಕೈ ಬಾಗಿಲ ಹಿಂದಿನ ಕಸಬರಿಗೆಗೆ ಹೋಯಿತು. ಅದನ್ನು ಎತ್ತಿಕೊಂಡಳು. ಆಮೇಲೆ ಸ್ಟೂಲು ಹತ್ತಿ, ಅಟ್ಟದ ಮೇಲೆ, ಹಳೆಯ ಟ್ರಂಕಿನ ಹಿಂದೆ ಅದನ್ನು ಇಟ್ಟುಬಿಟ್ಟಳು. ಗೋಣಿಚೀಲ ತೆಗೆದುಕೊಂಡು ಹೊರಗೆ ಹೋದಳು.

ಹಬ್ಬದ ಮುಂಜಾನೆ ಜನ ಮಾವಿನೆಲೆ, ಬೇವಿನ ಹೂವು ಎಂದು ಓಡಾಡುತ್ತಿದ್ದರೆ, ಹೊಸ ಸೀರೆಯುಟ್ಟ ಸಾಬಮ್ಮ ಪಾರ್ಕಿನ ಮೂಲೆಯಲ್ಲಿ ಗುಡ್ಡೆ ಹಾಕಿದ್ದ ತರಗೆಲೆಯನ್ನು ಗೋಣಿಗೆ ತುಂಬುತ್ತಿದ್ದಳು. ನೋಡಿದವರು ಈಕೆಗೆ ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು. ತಂದು ತಂದು ಬೇವಿನ ಕೆಳಗೆ ಸುರಿದಳು. ಪೂರ್ವಿ ಎದ್ದು ಬಂದಾಗ ಅತ್ತೆ ನೀರು ಹಾಕಿ ನೆನೆಸಿ, ಹಕ್ಕಳೆಯನ್ನು ಚೂರುಚೂರೇ ಬಿಡಿಸುತ್ತ ಕೂತಿದ್ದಳು. ಪೂರ್ವಿ ಪಕ್ಕದಲ್ಲಿ ಕೂತು ತಾನೂ ಬಿಡಿಸತೊಡಗಿದಳು. ಉಳಿದ ನಾಲ್ಕು ಗಿಡಗಳ ಬುಡಕ್ಕೆ ಎಲೆ ಒತ್ತಿ, ನೀರು ಮೆಲ್ಲಗೆ ಜಿನುಗಲೆಂದು ನಡುವೆ ಒಂದು ಮಣ್ಣಿನ ಗಡಿಗೆ ಹೂತು ತುಂಬಿದರು. ಮೇಲೆ ಗೋಣಿಯ ಚಪ್ಪರ ಕಟ್ಟಿದರು.

ಆದರೆ ಅಂಗಳದ ಉಳಿದ ಭಾಗಕ್ಕೂ ಅಂದು ಕಸಬರಿಗೆ ಬೀಳಲಿಲ್ಲ. ರಂಗೋಲಿ ಇಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಬೇವಿನ ಹೂ ಉದುರಿತು, ಗಾಳಿಗೆ ಬೀದಿಯ ಕಾಗದ ಬಂದು ಬಿತ್ತು, ಎಲ್ಲವೂ ಬಿದ್ದಲ್ಲೇ ಇತ್ತು. ಮಾಣಿಕಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

"ಏನು, ಮದಿವಿ ಆದ ಅಂಗಳಕ್ಕ ಸೋಡಚೀಟಿ ಕೊಟ್ಟಿಯೇನು?"

"ಹಂಗ ತಿಳಕೋರಿ."

"ಮತ್ತ ನಿನ್ನ ಚಹಾ? ರಂಗೋಲಿ ಹಾಕದೆ ಚಹಾ ಕುಡಿಯಾಂಗಿಲ್ಲಲ್ಲ ನೀ."

"ಬಿಟ್ಟೆ."

ಮಾಣಿಕಪ್ಪ ಹೆಂಡತಿಯ ಮುಖ ದಿಟ್ಟಿಸಿ ನೋಡಿದ. ಇದು ಚೇಷ್ಟೆಯ ಹೊತ್ತಲ್ಲ ಎಂದು ತಿಳಿಯಿತು. "ಮತ್ತ ಕಸಬರಿಗಿ ಹಿಡಿಯೋದು ಯಾವಾಗ?" ಎಂದು ಮೆತ್ತಗೆ ಕೇಳಿದ.

"ಆಕಿ ಹಿಡದಾಗ" ಎಂದಳು ಸಾಬಮ್ಮ, ಸೊಸೆಯ ಕೋಣೆಯ ಕಡೆ ನೋಡಿ.

ಬಿಸಿಲು ಏರಿತು. ಅಷ್ಟು ವರ್ಷ ಗುಡಿಸಿದ ಕೈಗೆ ಸುಮ್ಮನಿರುವುದು ಜ್ವರಕ್ಕಿಂತ ಕಷ್ಟವಾಯಿತು. ಬೆಳಿಗ್ಗೆ ಎದ್ದು ಏನು ಮಾಡಲೂ ತೋಚದೆ ಸಾಬಮ್ಮ ಗಡಿಗೆಗೆ ನೀರು ತುಂಬುತ್ತಿದ್ದಳು, ಗೋಣಿ ನೆನೆಸುತ್ತಿದ್ದಳು, ಎಲೆಯ ಮೇಲೆ ಎಲೆ ಹಾಕುತ್ತಿದ್ದಳು. ಚಹಾ ಇಲ್ಲದೆ ತಲೆ ಸಿಡಿಯುತ್ತಿತ್ತು. ಗಲ್ಲಿಯವರು ಗೇಟಿನ ಮುಂದೆ ನಿಧಾನಿಸಿ, ಒಳಗೆ ಇಣುಕಿ ಹೋಗುವುದು ಕಾಣುತ್ತಿತ್ತು. ಪೂರ್ವಿ ಇದನ್ನೆಲ್ಲ ನೋಡಿದಳೋ ಇಲ್ಲವೋ, ಏನೂ ಕೇಳಲಿಲ್ಲ. ಗಿಡದ ವಿಷಯ ಬಿಟ್ಟರೆ ಅತ್ತೆಯೊಂದಿಗೆ ಮಾತೂ ಇಲ್ಲ.

ಕೊನೆಗೆ ಒಂದು ಭಾನುವಾರ ಗುರುದೇವಿಗೆ ತಡೆಯಲಾಗಲಿಲ್ಲ. ಗೇಟು ತೆಗೆದು ಒಳಗೇ ಬಂದಳು. ಪೂರ್ವಿ ಆಗ ಜಗುಲಿಯ ಕಂಬದ ಹಿಂದೆ ಕೂತು ಬಟ್ಟೆ ಮಡಚುತ್ತಿದ್ದಳು.

"ಏನ್ ಸಾಬಮ್ಮ, ಅಂಗಳ ಹಿಂಗ್ಯಾಕ ಬಿಟ್ಟೀರಿ? ಮಂದಿ ಏನೇನೋ ಮಾತಾಡಾಕತ್ತಾರ. ಮನ್ಯಾಗ ಎಲ್ಲಾ ಆರಾಮ ಅದೀರಿಲ್ಲೋ?"

"ಇಲ್ರಿ" ಎಂದಳು ಸಾಬಮ್ಮ. "ಮನ್ಯಾಗ ಸಾವಾಗೇತಿ."

ಗುರುದೇವಿ ಗಾಬರಿಯಿಂದ ಸೆರಗು ಬಾಯಿಗಿಟ್ಟುಕೊಂಡಳು. "ಯಾರ್ದವ್ವ? ಊರಾಗೇನು?"

"ನಮ್ಮ ಬೀಗತಿದು."

"ಅಯ್ಯ! ಅವರು ಹೋದದ್ದು ದಸರಾದಾಗ ಅಲ್ಲೇನ್ರಿ?"

"ಹೌದ್ರಿ. ಆದ್ರ ಆವಾಗ ನಾ ಅಂಗಳ ಗುಡಿಸಿಬಿಟ್ಟಿದ್ದೆ" ಎಂದಳು ಸಾಬಮ್ಮ. "ತಾಯಿನ್ನ ಕಳಕೊಂಡ ಹುಡುಗಿಗೆ ಮೂರ ದಿನಾ ಅಂದೆ. ಯಾವ ಲೆಕ್ಕ ಅದು? ಈಗ ಮಾಡಾಕತ್ತೀವಿ. ಎಷ್ಟು ದಿನಾ ಹಿಡಿತೈತೋ ಹಿಡೀಲಿ."

ಗುರುದೇವಿ ಹೋಗುವಾಗ ಗೇಟನ್ನು ಸದ್ದಾಗದಂತೆ ಮೆಲ್ಲಗೆ ಮುಚ್ಚಿಕೊಂಡು ಹೋದಳು.

ಕಂಬದ ಹಿಂದೆ ಬಟ್ಟೆ ಮಡಚುವ ಕೈ ನಿಂತಿತ್ತು. ಸಾಬಮ್ಮ ತಿರುಗಿ ನೋಡಿದಾಗ ಪೂರ್ವಿ ಎದ್ದು ಬರುತ್ತಿದ್ದಳು. ಬಂದವಳು ಜಗುಲಿಯ ಅಂಚಿನಲ್ಲಿ ಕೂತಿದ್ದ ಅತ್ತೆಯ ಮಡಿಲಲ್ಲಿ ಮುಖವಿಟ್ಟು, ಆರೇಳು ತಿಂಗಳಿಂದ ಕಟ್ಟಿ ಹಿಡಿದದ್ದನ್ನೆಲ್ಲ ಬಿಟ್ಟು ಅತ್ತಳು. ದೊಡ್ಡ ದನಿಯಲ್ಲಿ, ಬೀದಿಗೆ ಕೇಳುವ ಹಾಗೆ, ಅಮ್ಮಾ ಅಮ್ಮಾ ಎಂದು ಅತ್ತಳು. ಸಾಬಮ್ಮ ಸುಮ್ಮನಿರು ಎನ್ನಲಿಲ್ಲ. ತಲೆ ಸವರುತ್ತ, "ಅಳು ನನ್ನವ್ವ, ಅಳು" ಎಂದಳು. ತನ್ನ ತಾಯಿಗಾಗಿ ಅಳದೆ ಉಳಿಸಿದ್ದನ್ನು ತಾನೂ ಅತ್ತಳು.

ಆಮೇಲೆ ಆ ಮನೆಯಲ್ಲಿ ಮಾತು ಶುರುವಾಯಿತು. ಗಡಿಗೆಗೆ ನೀರು ತುಂಬುವಾಗ ಪೂರ್ವಿ ತಾಯಿಯ ಕಥೆಗಳನ್ನು ಹೇಳುತ್ತಿದ್ದಳು. ಮಂಜು ಬಿದ್ದ ಬೆಳಿಗ್ಗೆ ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರ್ ಹಾಕಿಕೊಂಡು ಗಿಡಗಳಿಗೆ ಎಲೆ ಹೊದಿಸುತ್ತಿದ್ದದ್ದು, ಪಕ್ಕದ ಮನೆಯ ಓಕ್ ಮರದ ತರಗೆಲೆಯನ್ನು ಕದ್ದು ತರುವಾಗ ಸಿಕ್ಕಿಬಿದ್ದದ್ದು. ಸಾಬಮ್ಮ ಕೇಳಿ ಕೇಳಿ ನಗುತ್ತಿದ್ದಳು. ಬೀಗತಿ ಸತ್ತ ಮೇಲೆ ಅವಳಿಗೆ ಬೀಗತಿಯ ಪರಿಚಯವಾಯಿತು.

ಆದರೆ ಗಿಡ ಉಳಿಯಲಿಲ್ಲ. ಏಪ್ರಿಲ್ ಕೊನೆಗೆ ಒಂದು, ಮೇ ತಿಂಗಳ ಬಿಸಿಗಾಳಿಗೆ ಇನ್ನೆರಡು. ಕೊನೆಯದರ ನಡುವಿನ ಹಸಿರು ಚುಕ್ಕಿ ಬಹಳ ದಿನ ಜೀವ ಹಿಡಿದುಕೊಂಡಿತ್ತು. ರೋಹಿಣಿಯ ಬಿಸಿಲಿಗೆ ಅದೂ ಕಂದಿ ಹೋಯಿತು. ಪೂರ್ವಿ ಎಲೆ ಸರಿಸಿ ನೋಡಿ, ಮತ್ತೆ ಮುಚ್ಚಿದಳು. ಸಾಬಮ್ಮನಿಗೆ ಕ್ಷಮಿಸು ಅನ್ನಬೇಕೆನಿಸಿತು. ಅಂಥ ಮಾತಾಡಿ ಅವಳಿಗೆ ರೂಢಿಯಿರಲಿಲ್ಲ. ಗಡಿಗೆಗೆ ನೀರು ಹಾಕುವುದನ್ನು ಮಾತ್ರ ಬಿಡಲಿಲ್ಲ. ಯಾಕೆಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಮೃಗಶಿರಾ ಮಳೆ ಬಂತು. ರಾತ್ರಿಯೆಲ್ಲ ಸುರಿದು, ಬೆಳಗಾಗುವ ಹೊತ್ತಿಗೆ ನಿಂತಿತು. ಪೂರ್ವಿ ಗಿಡದ ಬುಡದ ಒಣ ನಾರುಗಳನ್ನು ತೆಗೆದುಹಾಕಲೆಂದು ಬೇವಿನ ಕೆಳಗೆ ಕೂತಳು. ಎಲೆಯ ಹೊದಿಕೆಯನ್ನು ಎತ್ತಿದವಳು, "ಅತ್ತೆ! ಬನ್ನಿ ಇಲ್ಲಿ!" ಎಂದು ಕೂಗಿದಳು. ಸಾಬಮ್ಮ ಎದ್ದೂಬಿದ್ದೂ ಓಡಿಬಂದಳು.

ಕಪ್ಪಗೆ, ಮೆತ್ತಗೆ ಪುಡಿಯಾದ ಮಣ್ಣಿನಲ್ಲಿ, ಹೂತ ಗಡಿಗೆಯ ಮಗ್ಗುಲಿಗೆ ಒತ್ತಿಕೊಂಡು, ಕಿರುಬೆರಳ ಉಗುರಿನಷ್ಟು ದೊಡ್ಡ ಮೂರು ಎಲೆಗಳು. ಹೃದಯದ ಆಕಾರ.

"ಬೀಗತಿ ಗಿಡ ಏನವ್ವ?" ಎ‍ಂದು ಸಾಬಮ್ಮ ಉಸಿರು ಬಿಗಿಹಿಡಿದು ಕೇಳಿದಳು.

"ಅಲ್ಲ ಅತ್ತೆ. ವಯೊಲೆಟ್ಟು." ಪೂರ್ವಿಗೆ ನಗು ಬರುತ್ತಿತ್ತು, ಕಣ್ಣು ತುಂಬಿತ್ತು. "ನಾನೇ ಕಿತ್ತು ಎಸೆದಿದ್ದೆ. ಅಮ್ಮನ ಮಣ್ಣಲ್ಲಿ ಎಲ್ಲೋ ಒಂದು ಬೇರು ಉಳ್ಕೊಂಡಿದೆ ನೋಡಿ."

ಕಳೆ ಎಂದರೆ ಸಾಬಮ್ಮನ ಕೈ ತಾನಾಗಿ ಮುಂದೆ ಹೋಗುತ್ತದೆ. ಇಂದು ಅರ್ಧದಲ್ಲೇ ನಿಂತಿತು. "ಕೀಳಲೇನು?" ಎಂದು ಕೇಳಿದಳು.

ಪೂರ್ವಿ ಇಲ್ಲವೆಂದು ತಲೆಯಾಡಿಸಿದಳು. ಆ ಪುಟ್ಟ ಎಲೆಯ ಮುಂದೆ ಬಾಗಿ, ತಾಯಿಯದೇ ದನಿಯಲ್ಲಿ ಗದರಿಸಿದಳು: "ಕರೀದೆ ಬಂದೆಯಾ ಮತ್ತೆ? ಬಾ, ಕೂರು."

ಅದರ ಸುತ್ತ ಎಲೆಯನ್ನು ಮತ್ತೆ ಒತ್ತಿ, ಮಣ್ಣು ಕೈ ಒರೆಸಿಕೊಳ್ಳುತ್ತ ಎದ್ದಳು. ಅಂಗಳವನ್ನು ಒಮ್ಮೆ ಉದ್ದಕ್ಕೂ ನೋಡಿದಳು. ಯುಗಾದಿಯಿಂದ ಬಿದ್ದ ಎಲೆ, ಕಡ್ಡಿ, ಕಾಗದ, ಎಲ್ಲ ಮಳೆಗೆ ತೊಯ್ದು ಬಿದ್ದಿತ್ತು.

"ಅತ್ತೆ, ಕಸಬರಿಗೆ ಎಲ್ಲಿಟ್ಟಿದ್ದೀರಿ?" ಎಂದಳು.

ಸಾಬಮ್ಮ ಒಳಗೆ ಹೋಗಿ ಸ್ಟೂಲು ಹತ್ತಿ, ಅಟ್ಟದಿಂದ ಕಸಬರಿಗೆ ಇಳಿಸಿ, ಜೇಡರ ಬಲೆ ಕೊಡವಿ ಸೊಸೆಯ ಕೈಗೆ ಕೊಟ್ಟಳು. ಪೂರ್ವಿ ಗೇಟಿನಿಂದ ಹಿಡಿದು ಗುಡಿಸುತ್ತ ಬಂದಳು. ಬೇವಿನ ನೆರಳಿನ ಅಂಚಿಗೆ ಬಂದು ನಿಲ್ಲಿಸಿದಳು. ಥಳಿ ಹೊಡೆದಳು. ಗೇಟಿನ ಮುಂದೆ ಕೂತು ಚುಕ್ಕಿ ಇಟ್ಟಳು. ಒದ್ದೆ ನೆಲದಲ್ಲಿ ಒಂದೆರಡು ಎಳೆ ತಪ್ಪಿದವು, ಅವಳು ತಿದ್ದಲಿಲ್ಲ. ಕೊನೆಯ ಎಳೆ ಕೂಡುವವರೆಗೆ ಸಾಬಮ್ಮ ಜಗುಲಿಯ ಮೇಲೆ ನಿಂತು ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ, ತನಗೂ ಸೊಸೆಗೂ ಚಹಾಕ್ಕೆ ನೀರಿಟ್ಟಳು.